ರಾಜಕಾಲುವೆಯಿಂದ ಕಡಲವರೆಗೆ: ಕಸ ಹುಡುಕುವ ಉಪಗ್ರಹಗಳು

ಭಾರತದ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ಯುವ ಇಂಜಿನಿಯರುಗಳು ಕಟ್ಟಿದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. ಉಪಗ್ರಹಗಳ ಜಾಡು ಹಿಡಿಯುವ ಇಸ್ರೊದ ಇಸ್ಟ್ರ್ಯಾಕ್ ಕೇಂದ್ರ ಇವತ್ತಿಗೂ ಪೀಣ್ಯದಲ್ಲೇ ಇದೆ. ವೃಷಭಾವತಿಯ ಒಂದು ಕವಲು ಇಳಿದು ಬರುವುದೂ ಅದೇ ಪೀಣ್ಯದ ಕಡೆಯಿಂದ. ಇನ್ನೊಂದು ಕವಲು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟುತ್ತದೆ ಎಂಬುದು ಜನರ ನಂಬಿಕೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮೋರಿಗಳನ್ನೆಲ್ಲ ಕೂಡಿಸಿಕೊಂಡು ಈ ಹೊಳೆ ಗಾಳಿ ಆಂಜನೇಯನ ಗುಡಿಯ ಬಳಿ ಹಾದು, ನಾಯಂಡಹಳ್ಳಿ, ಕೆಂಗೇರಿ ದಾಟಿ ಮೈಸೂರು ರಸ್ತೆಯ ಪಕ್ಕದಲ್ಲೇ ಸಾಗುತ್ತದೆ. ಉಪಗ್ರಹ ಕಟ್ಟುವ ವಿದ್ಯೆ ಈ ದೇಶದಲ್ಲಿ ಬೇರುಬಿಟ್ಟ ಜಾಗ ಮತ್ತು ಉಪಗ್ರಹಗಳು ಈಗ ಕಡಲಲ್ಲಿ ಹುಡುಕುತ್ತಿರುವ ಕಸ ನೀರಿಗಿಳಿಯುವ ಜಾಗ, ಎರಡೂ ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ ಇವೆ.

ಕಡಲಿಲ್ಲದ ಊರಿನವರಿಗೆ ಸಾಗರ ಕಸದ ಗೊಡವೆ ಏಕೆ ಎಂದು ಕೇಳುವವರು ಇಳಿಜಾರನ್ನು ನೋಡಬೇಕು. ಬೆಂಗಳೂರು ಕೂತಿರುವುದು ಒಂದು ದಿಬ್ಬದ ಬೆನ್ನಿನ ಮೇಲೆ. ಪೂರ್ವದ ಕಡೆ ಬಿದ್ದ ನೀರು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಪಶ್ಚಿಮದ್ದು ವೃಷಭಾವತಿಯಾಗಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು, ಮುಂದೆ ಕನಕಪುರದ ಕಡೆ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. ಅಲ್ಲಿಂದ ಮೇಕೆದಾಟು, ಹೊಗೇನಕಲ್, ಮೆಟ್ಟೂರು, ಕಲ್ಲಣೈ, ಕೊನೆಗೆ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿ. ನಗರದ ರಾಜಕಾಲುವೆಗಳ ಒಟ್ಟು ಉದ್ದ ಸುಮಾರು 850 ಕಿಲೋಮೀಟರ್. ಅವುಗಳಲ್ಲಿ ಒಂದು ದೊಡ್ಡ ಪಾಲಿನ ನೀರು ಕೊನೆಗೆ ಸೇರಬೇಕಾದದ್ದು ಅಲ್ಲಿಗೇ.

ಜಗತ್ತಿನ ಲೆಕ್ಕ ಹೀಗಿದೆ. 2015ರಲ್ಲಿ ಜೆನ್ನಾ ಜಾಮ್‌ಬೆಕ್ ಮತ್ತು ಸಂಗಡಿಗರು 192 ಕರಾವಳಿ ದೇಶಗಳ ಅಂಕಿಅಂಶ ಹಿಡಿದು, 2010ರ ಒಂದೇ ವರ್ಷದಲ್ಲಿ ನೆಲದಿಂದ ಕಡಲಿಗೆ ಸೇರಿದ ಪ್ಲಾಸ್ಟಿಕ್ 48 ಲಕ್ಷದಿಂದ 127 ಲಕ್ಷ ಟನ್ ಎಂದು ಅಂದಾಜು ಮಾಡಿದರು. 2021ರಲ್ಲಿ ಬಂದ ಇನ್ನೊಂದು ಅಧ್ಯಯನ ನದಿಗಳ ಪಾಲನ್ನು ಮಾತ್ರ ಲೆಕ್ಕಹಾಕಿ ವರ್ಷಕ್ಕೆ 8 ಲಕ್ಷದಿಂದ 27 ಲಕ್ಷ ಟನ್ ಎಂದಿತು. ಅದರಲ್ಲಿ ಶೇಕಡಾ 80ರಷ್ಟು ಸಾವಿರಕ್ಕೂ ಹೆಚ್ಚು ನದಿಗಳಿಂದ ಬರುತ್ತದೆ, ಜನ ಕಿಕ್ಕಿರಿದ ಊರುಗಳ ನಡುವೆ ಹರಿಯುವ ಸಣ್ಣ ಹೊಳೆಗಳೂ ಅದರಲ್ಲಿವೆ ಎಂದು ಅದು ತೋರಿಸಿತು. ಈ ಅಂದಾಜುಗಳ ಎರಡು ತುದಿಗಳ ನಡುವಿನ ಅಂತರವನ್ನು ಗಮನಿಸಿ: ಎರಡು ಪಟ್ಟು, ಮೂರು ಪಟ್ಟು. ಎಷ್ಟು ಹೋಗುತ್ತಿದೆ ಎಂದು ಯಾರೂ ಅಳೆದಿಲ್ಲ. ಜನಸಂಖ್ಯೆ, ಕಸದ ವಿಲೇವಾರಿ, ಮಳೆ, ದೂರ ಎಲ್ಲವನ್ನೂ ಸೂತ್ರಕ್ಕೆ ಹಾಕಿ ತೆಗೆದ ಲೆಕ್ಕವಿದು. ಅಳತೆಯ ಈ ಕೊರತೆಯೇ ವಿಜ್ಞಾನಿಗಳನ್ನು ಉಪಗ್ರಹಗಳತ್ತ ಕಳಿಸಿತು.

ಉಪಗ್ರಹ ಪ್ಲಾಸ್ಟಿಕ್ಕನ್ನು ಗುರುತಿಸುವುದಾದರೂ ಹೇಗೆ? ಇಡೀ ವಿದ್ಯೆ ನಿಂತಿರುವುದು ನೀರಿನ ಒಂದು ಗುಣದ ಮೇಲೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೀರು ನೀಲಿಯಾಗಿಯೋ ಹಸಿರಾಗಿಯೋ ಕಾಣುತ್ತದೆ. ಕೆಂಪು ದಾಟಿ ಅವಕೆಂಪಿಗೆ ಹೋದರೆ ನೀರು ಬೆಳಕನ್ನೆಲ್ಲ ನುಂಗಿ ಕಪ್ಪಗಾಗುತ್ತದೆ. ಮೇಲೆ ತೇಲುವ ಯಾವ ವಸ್ತುವಾದರೂ ಆ ಕಪ್ಪಿನ ನಡುವೆ ಬೆಳ್ಳಗೆ ಎದ್ದು ಕಾಣುತ್ತದೆ. ಆದರೆ ತೇಲುವುದೆಲ್ಲ ಪ್ಲಾಸ್ಟಿಕ್ ಅಲ್ಲವಲ್ಲ. ಪಾಚಿ, ಮರದ ದಿಮ್ಮಿ, ನೊರೆ, ಕಡಲಕಳೆ ಎಲ್ಲವೂ ಅಲ್ಲಿ ಹೊಳೆಯುತ್ತವೆ. ಇವುಗಳನ್ನು ಬೇರೆ ಮಾಡಲು ಒಂದಕ್ಕಿಂತ ಹೆಚ್ಚು ಬಣ್ಣಪಟ್ಟಿಗಳನ್ನು ಹೋಲಿಸಬೇಕು. ಹಸಿರು ಗಿಡ ಕೆಂಪನ್ನು ಹೀರಿ ಅವಕೆಂಪನ್ನು ಜೋರಾಗಿ ಹಿಂತಿರುಗಿಸುತ್ತದೆ, ಪ್ಲಾಸ್ಟಿಕ್‌ಗೆ ಆ ಜಿಗಿತವಿಲ್ಲ. ಇನ್ನೂ ಆಚೆ, 1215 ಮತ್ತು 1730 ನ್ಯಾನೊಮೀಟರ್ ಆಸುಪಾಸಿನಲ್ಲಿ ಪ್ಲಾಸ್ಟಿಕ್‌ನ ರಾಸಾಯನಿಕ ಬಂಧಗಳು ಬೆಳಕನ್ನು ಹೀರುವ ಗುರುತುಗಳಿವೆ. ಅವು ಬೆರಳಚ್ಚಿನಂತೆ ಖಚಿತ. ತೊಂದರೆಯೆಂದರೆ ಪ್ಲಾಸ್ಟಿಕ್ ಒದ್ದೆಯಾದಷ್ಟೂ ಆ ಗುರುತು ಮಸುಕಾಗುತ್ತದೆ, ನೀರಿನೊಳಗೆ ಮುಳುಗಿತೆಂದರೆ ಮಾಯವಾಗುತ್ತದೆ.

ಈ ಕೆಲಸಕ್ಕೆ ಹೆಚ್ಚು ಬಳಕೆಯಾಗಿರುವುದು ಯೂರೋಪಿನ ಸೆಂಟಿನೆಲ್-2 ಜೋಡಿ. ಮೊದಲನೆಯದು 2015ರ ಜೂನ್‌ನಲ್ಲಿ, ಎರಡನೆಯದು 2017ರ ಮಾರ್ಚ್‌ನಲ್ಲಿ ಹಾರಿತು. ಹದಿಮೂರು ಬಣ್ಣಪಟ್ಟಿ, ಐದು ದಿನಕ್ಕೊಮ್ಮೆ ಅದೇ ಜಾಗದ ಚಿತ್ರ, ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಅದರ ಅತಿ ಚಿಕ್ಕ ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ. ಬೆಂಗಳೂರಿನವರಿಗೆ ತಿಳಿಯುವಂತೆ ಹೇಳುವುದಾದರೆ ಹೆಚ್ಚುಕಡಿಮೆ ಒಂದು ಮೂವತ್ತು-ನಲವತ್ತು ಸೈಟಿನಷ್ಟು. ಆ ಸೈಟಿನಲ್ಲಿ ಒಂದು ಬಾಟಲಿ ಬಿದ್ದಿದ್ದರೆ ಉಪಗ್ರಹಕ್ಕೆ ಲೆಕ್ಕಕ್ಕಿಲ್ಲ. ಸೈಟಿನ ಗಣನೀಯ ಭಾಗವನ್ನು ಕಸ ಮುಚ್ಚಿದ್ದರೆ ಮಾತ್ರ ಪಿಕ್ಸೆಲ್‌ನ ಬಣ್ಣ ಬದಲಾಗುತ್ತದೆ.

ಇದನ್ನು ಪರೀಕ್ಷಿಸಿ ನೋಡಿದ ರೀತಿ ನನಗೆ ಬಹಳ ಮೆಚ್ಚುಗೆಯಾದದ್ದು. ಗ್ರೀಸ್‌ನ ಲೆಸ್ಬೋಸ್ ದ್ವೀಪದಲ್ಲಿ ಏಜಿಯನ್ ವಿಶ್ವವಿದ್ಯಾಲಯದ ಕಾನ್ಸ್ಟಾಂಟಿನೋಸ್ ಟೊಪುಜೆಲಿಸ್ ಮತ್ತು ವಿದ್ಯಾರ್ಥಿಗಳು 2018ರಿಂದ ಪ್ಲಾಸ್ಟಿಕ್ ಬಾಟಲಿ, ಕೈಚೀಲ, ಮೀನುಬಲೆಗಳನ್ನು ಚೌಕಟ್ಟಿಗೆ ಕಟ್ಟಿ, ಉಪಗ್ರಹ ಹಾದುಹೋಗುವ ಹೊತ್ತಿಗೆ ಸರಿಯಾಗಿ ಕಡಲಲ್ಲಿ ತೇಲಿಬಿಟ್ಟರು. ಮೇಲೆ ಡ್ರೋನ್ ಹಾರಿಸಿ ಚೌಕಟ್ಟು ಎಲ್ಲಿದೆ, ಎಷ್ಟು ಪಿಕ್ಸೆಲ್ ಮುಚ್ಚಿದೆ ಎಂದು ಬರೆದಿಟ್ಟುಕೊಂಡರು. ಕೆಳಗೆ ಏನಿದೆ ಎಂದು ಗೊತ್ತಿದ್ದಾಗಲೇ ಮೇಲಿನ ಚಿತ್ರವನ್ನು ನಂಬಲು ಸಾಧ್ಯ. ಈ ವಿಷಯದಲ್ಲಿ ನಡೆದ ಗಟ್ಟಿ ಕೆಲಸವೆಲ್ಲ ಹೀಗೆ ನೆಲದ ಸಾಕ್ಷಿ ಇಟ್ಟುಕೊಂಡೇ ನಡೆದಿದೆ.

ಇಂಗ್ಲೆಂಡಿನ ಪ್ಲಿಮತ್ ಸಾಗರ ಪ್ರಯೋಗಾಲಯದ ಲಾರೆನ್ ಬಿಯರ್ಮನ್ ತಂಡ 2020ರಲ್ಲಿ ತೇಲುವಸ್ತು ಸೂಚ್ಯಂಕ ಎಂಬ ಸೂತ್ರವನ್ನು ಮುಂದಿಟ್ಟಿತು. ಅಕ್ಕಪಕ್ಕದ ಬಣ್ಣಪಟ್ಟಿಗಳನ್ನು ನೋಡಿ ಅವಕೆಂಪಿನಲ್ಲಿ ಎಷ್ಟು ಬೆಳಕು ಬರಬೇಕಿತ್ತು, ಬಂದದ್ದು ಎಷ್ಟು ಎಂದು ಹೋಲಿಸುವ ಸೂತ್ರ ಅದು. ಘಾನಾದ ಅಕ್ರಾ, ವಿಯೆಟ್ನಾಮಿನ ಡಾ ನಾಂಗ್, ಕೆನಡಾ, ಸ್ಕಾಟ್ಲೆಂಡ್ ಕರಾವಳಿಗಳಲ್ಲಿ ಪ್ಲಾಸ್ಟಿಕ್ ಎಂದು ಶಂಕಿಸಿದ ತೇಲುರಾಶಿಗಳನ್ನು ಶೇಕಡಾ 86ರಷ್ಟು ಸರಿಯಾಗಿ ವಿಂಗಡಿಸಿದೆವು ಎಂದರು. ಅದಾದ ಮೇಲೆ ಅಥೆನ್ಸ್‌ನ ಸಂಶೋಧಕರು ಕಸ, ಕಡಲಕಳೆ, ಹಡಗು, ನೊರೆ, ಮೋಡದ ನೆರಳು ಎಲ್ಲಕ್ಕೂ ಗುರುತುಹಾಕಿದ ಪಿಕ್ಸೆಲ್‌ಗಳ ದೊಡ್ಡ ಭಂಡಾರವನ್ನು 2022ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಯಂತ್ರಕಲಿಕೆಯ ಕಾರ್ಯಕ್ರಮಗಳಿಗೆ ಪಾಠ ಹೇಳಲು ಇಂಥದ್ದೇ ಬೇಕಿತ್ತು.

ಇಷ್ಟರಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ 2024ರದ್ದು. ಸ್ಪೇನಿನ ಕಾಡಿಸ್ ವಿಶ್ವವಿದ್ಯಾಲಯದ ಆಂಡ್ರೆಸ್ ಕೋಜಾರ್ ಮತ್ತು ಸಂಗಡಿಗರು ಆರು ವರ್ಷಗಳ ಅವಧಿಯ ಸುಮಾರು 3 ಲಕ್ಷ ಸೆಂಟಿನೆಲ್ ಚಿತ್ರಗಳನ್ನು ಜಾಲಾಡಿ, ಮೆಡಿಟರೇನಿಯನ್ ಕಡಲಿನಲ್ಲಿ 14,374 ಕಸದ ಸಾಲುಗಳನ್ನು ಪತ್ತೆಹಚ್ಚಿದರು. ಗಾಳಿ ಮತ್ತು ಪ್ರವಾಹಗಳು ಎದುರಾಗುವ ಕಡೆ ತೇಲುವ ಕಸ ಉದ್ದಕ್ಕೆ ಪಟ್ಟಿಯಾಗಿ ಕೂಡಿಕೊಳ್ಳುತ್ತದೆ, ಉಪಗ್ರಹಕ್ಕೆ ಕಾಣುವುದು ಆ ಪಟ್ಟಿ. ಅವರು ಅದನ್ನೇ ಹಿಡಿದು, ಯಾವ ಕರಾವಳಿಯಲ್ಲಿ, ಯಾವ ಋತುವಿನಲ್ಲಿ, ಯಾವ ಮಳೆಯ ನಂತರ ಕಸ ಹೆಚ್ಚಿತು ಎಂಬ ನಕ್ಷೆ ಬರೆದರು. ಒಂದೊಂದು ಬಾಟಲಿ ಎಣಿಸುವ ಆಸೆ ಬಿಟ್ಟು, ಕಸ ಕೂಡುವ ಜಾಗ ಮತ್ತು ಕಾಲವನ್ನು ಹಿಡಿದದ್ದೇ ಈ ಅಧ್ಯಯನದ ಹೆಚ್ಚುಗಾರಿಕೆ. ಈ ವಿದ್ಯೆಯಿಂದ ಸದ್ಯಕ್ಕೆ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಕೆಲಸ ನನಗೆ ಗೊತ್ತಿಲ್ಲ.

ಆತುರಪಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಚಂಡಮಾರುತದ ಗಾಳಿ ಅಳೆಯಲು ನಾಸಾ 2016ರ ಡಿಸೆಂಬರ್‌ನಲ್ಲಿ ಎಂಟು ಪುಟ್ಟ ಉಪಗ್ರಹಗಳ ಸಿಗ್ನಸ್ ಗುಂಪನ್ನು ಹಾರಿಸಿತ್ತು. ಕೆಲವು ಕಡೆ ಕಡಲ ಮೇಲ್ಮೈ ಇರಬೇಕಾದ್ದಕ್ಕಿಂತ ನಯವಾಗಿ ಕಾಣುತ್ತದೆ, ಅಂಥ ಜಾಗಗಳು ಮೈಕ್ರೋಪ್ಲಾಸ್ಟಿಕ್ ಹೆಚ್ಚಿರುವ ಜಾಗಗಳಿಗೆ ತಾಳೆಯಾಗುತ್ತವೆ ಎಂದು ಮಿಷಿಗನ್ ವಿಶ್ವವಿದ್ಯಾಲಯದ ಇಬ್ಬರು 2021ರಲ್ಲಿ ಪ್ರಕಟಿಸಿದರು. ಗಂಗೆಯ ಮುಖದಿಂದ ಪ್ಲಾಸ್ಟಿಕ್ ಹರಡುವ ನಕ್ಷೆಯೂ ಬಂತು, ಪತ್ರಿಕೆಗಳು ಬಾಹ್ಯಾಕಾಶದಿಂದ ಪ್ಲಾಸ್ಟಿಕ್ ಕಂಡಿತೆಂದು ಬರೆದವು. ಅದೇ ತಂಡ ತೊಟ್ಟಿಯಲ್ಲಿ ಅಲೆ ಎಬ್ಬಿಸಿ ಪರೀಕ್ಷಿಸಿದಾಗ ಬೇರೆಯೇ ತಿಳಿಯಿತು. ಅಲೆಯನ್ನು ತಣಿಸುವುದು ಪ್ಲಾಸ್ಟಿಕ್ ಚೂರಲ್ಲ, ಜೊತೆಗೆ ತೇಲುವ ಜಿಡ್ಡಿನಂಥ ಪದಾರ್ಥ. ಸಂಶೋಧಕರೇ ಮುಂದೆ ಬಂದು ಇದನ್ನು ಪರೀಕ್ಷಿಸಿ ಹೇಳಿದ್ದು ವಿಜ್ಞಾನಕ್ಕೆ ಶೋಭೆ ತರುವ ಮಾತು. ಮೊದಲ ಸುದ್ದಿ ಓದಿದವರಲ್ಲಿ ಎರಡನೆಯದನ್ನು ಓದಿದವರು ಕಡಿಮೆ.

ಇನ್ನು ನಮ್ಮ ಕಡಲಿನ ಮಾತು. ಕರ್ನಾಟಕದ ಕರಾವಳಿ 300 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಕಾಳಿ, ಶರಾವತಿ, ನೇತ್ರಾವತಿ, ಫಲ್ಗುಣಿ ಎಲ್ಲವೂ ಮೊದಲ ಜೋರು ಮಳೆಗೆ ಊರುಗಳ ಕಸವನ್ನು ಹೊತ್ತು ತರುತ್ತವೆ, ಕಡಲು ಅದರ ಒಂದು ಪಾಲನ್ನು ಪಣಂಬೂರು, ತಣ್ಣೀರುಬಾವಿ, ಉಳ್ಳಾಲದ ಮರಳಿಗೆ ಎಸೆಯುತ್ತದೆ. ಕಸ ಕಡಲಿಗೆ ಇಳಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಕಾಶ ಮೋಡ ಕವಿದು ಸೆಂಟಿನೆಲ್‌ನ ಕಣ್ಣು ಕಟ್ಟುವುದೂ ಸರಿಯಾಗಿ ಅದೇ ನಾಲ್ಕು ತಿಂಗಳು. ಮೆಡಿಟರೇನಿಯನ್ನಿನ ಲೆಕ್ಕವನ್ನು ಅರಬ್ಬಿ ಸಮುದ್ರಕ್ಕೆ ಹಾಗೇ ತಂದು ಹಾಕಲು ಆಗದಿರುವುದು ಇದಕ್ಕೇ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಪ್ರವಾಹ ತೆಂಕಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಬಡಗಣಕ್ಕೆ ತಿರುಗುತ್ತದೆ. ಮೋಡ ಸರಿದು ಚಿತ್ರ ಸಿಗುವ ಹೊತ್ತಿಗೆ ಕಸ ಹುಟ್ಟಿದ ಜಾಗದಿಂದ ಎಷ್ಟೋ ದೂರ ಹೋಗಿರುತ್ತದೆ.

ಮೋಡದ ಮೂಲಕ ನೋಡಬಲ್ಲದ್ದು ರೇಡಾರ್. ಇಸ್ರೊ 2022ರ ಫೆಬ್ರುವರಿಯಲ್ಲಿ ಇಒಎಸ್-04 ಎಂಬ ರೇಡಾರ್ ಉಪಗ್ರಹವನ್ನು ಹಾರಿಸಿತು. ಇಸ್ರೊ ಮತ್ತು ನಾಸಾ ಕೂಡಿ ಕಟ್ಟಿದ ನೈಸಾರ್ 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹೊರಟಿತು, 12 ದಿನಕ್ಕೊಮ್ಮೆ ಅದೇ ಜಾಗವನ್ನು ನೋಡುತ್ತದೆ. ಆದರೆ ರೇಡಾರಿಗೆ ಬಣ್ಣ ತಿಳಿಯದು, ಮೇಲ್ಮೈಯ ಒರಟುತನವಷ್ಟೇ ತಿಳಿಯುತ್ತದೆ. ಎಣ್ಣೆ ಸೋರಿದರೆ ಕಪ್ಪು ಮಚ್ಚೆಯಾಗಿ ಸ್ಪಷ್ಟವಾಗಿ ತೋರಿಸುವ ಅದಕ್ಕೆ ಪ್ಲಾಸ್ಟಿಕ್ ಗುರುತಿಸುವುದು ಇನ್ನೂ ಕಷ್ಟ. 2025ರ ಮೇ 25ರಂದು ಕೊಚ್ಚಿಯ ಹೊರಗೆ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರುಗಳ ಸಮೇತ ಮುಳುಗಿದಾಗ ಇದು ಕಣ್ಣಿಗೆ ಕಟ್ಟುವಂತಾಯಿತು. ಪ್ಲಾಸ್ಟಿಕ್ ತಯಾರಿಕೆಯ ಕಚ್ಚಾ ಕಾಳುಗಳು ಕೇರಳದ ದಡಗಳಿಗೆ ಬಂದು ಬಿದ್ದವು. ಸಾಬೂದಾಣಿ ಗಾತ್ರದ ಆ ಕಾಳನ್ನು ಎಷ್ಟೇ ಎತ್ತರದ ಕಣ್ಣೂ ಕಾಣದು. ಸ್ವಯಂಸೇವಕರು ಮರಳಿನಲ್ಲಿ ಕೂತು ಬಾಚಿ ತೆಗೆಯಬೇಕಾಯಿತು.

ದೇಶದ ಉಪಗ್ರಹಗಳ ಶಕ್ತಿ ಎಷ್ಟೆಂದು ತಿಳಿದಿರುವುದು ಒಳ್ಳೆಯದು. 1979ರ ಭಾಸ್ಕರದ ಚಿತ್ರಗಳಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು ಒಂದು ಕಿಲೋಮೀಟರ್. 1988ರ ಐಆರ್‌ಎಸ್-1ಎ ಅದನ್ನು 36 ಮೀಟರಿಗೆ ತಂದಿತು. ರಿಸೋರ್ಸ್‌ಸ್ಯಾಟ್‌ನ ಲಿಸ್-4 ಕ್ಯಾಮೆರಾದ್ದು 5.8 ಮೀಟರ್. 2019ರ ಕಾರ್ಟೊಸ್ಯಾಟ್-3 ಕಪ್ಪು-ಬಿಳುಪಿನಲ್ಲಿ ಕಾಲು ಮೀಟರ್‌ವರೆಗೂ ನೋಡುತ್ತದೆ. 2022ರ ನವೆಂಬರ್‌ನಲ್ಲಿ ಹಾರಿದ ಓಷನ್‌ಸ್ಯಾಟ್-3 ಕಡಲಿನ ಬಣ್ಣವನ್ನು 13 ಪಟ್ಟಿಗಳಲ್ಲಿ ಬಿಡಿಸುತ್ತದೆ, ಆದರೆ ಪಿಕ್ಸೆಲ್ ನೂರಾರು ಮೀಟರಿನದು. ಅದು ಮೀನು ಸಿಗುವ ಜಾಗ ಹೇಳಲು ಬಹಳ ಉಪಯುಕ್ತ, ಕಸಕ್ಕಲ್ಲ. 2018ರ ಹೈಸಿಸ್ ನೂರಾರು ಕಿರಿದಾದ ಪಟ್ಟಿಗಳಲ್ಲಿ ನೋಡಬಲ್ಲದು, ಪಿಕ್ಸೆಲ್ 30 ಮೀಟರ್. ಪಿಕ್ಸೆಲ್ ಎಂಬ ಹೆಸರಿನದೇ ಬೆಂಗಳೂರಿನ ಖಾಸಗಿ ಕಂಪನಿಯೊಂದು 2025ರಲ್ಲಿ 5 ಮೀಟರ್ ಸೂಕ್ಷ್ಮತೆಯ ಬಹುವರ್ಣ ಉಪಗ್ರಹಗಳನ್ನು ಹಾರಿಸಿದೆ. ಅವು ನೋಡುವುದು ಕಾಣುವ ಬೆಳಕು ಮತ್ತು ಅದಕ್ಕೆ ತಾಗಿದ ಅವಕೆಂಪನ್ನು. ಪ್ಲಾಸ್ಟಿಕ್‌ನ ಖಚಿತ ಗುರುತುಗಳಿರುವುದು ಅದರಾಚೆ. ಒಂದು ಉಪಗ್ರಹಕ್ಕೆ ಸೂಕ್ಷ್ಮತೆ ಇದ್ದರೆ ಬಣ್ಣವಿಲ್ಲ, ಇನ್ನೊಂದಕ್ಕೆ ಬಣ್ಣವಿದ್ದರೆ ಸೂಕ್ಷ್ಮತೆಯಿಲ್ಲ. ಎರಡೂ ಇರುವ ಅಮೆರಿಕದ ವರ್ಲ್ಡ್‌ವ್ಯೂ-3ರ ಚಿತ್ರಗಳನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಕಸ ಹುಡುಕುವುದಕ್ಕೆಂದೇ ಹಾರಿಸಿದ, ನಿತ್ಯ ಸೇವೆ ಕೊಡುವ ಉಪಗ್ರಹ ನಮ್ಮಲ್ಲಿಲ್ಲ.

ಹಾಗಾದರೆ ಪಶ್ಚಿಮ ಬೆಂಗಳೂರಿನ ಕಸ ಕಡಲು ಮುಟ್ಟುತ್ತದೆಯೇ? ದಾರಿಯಲ್ಲಿ ತಡೆಗಳು ಬಹಳ. ಬೈರಮಂಗಲ ಕೆರೆ ಇದೆ, 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟಿದೆ, ನಡುವೆ ಕಾಡು, ಬಂಡೆ, ಪೊದೆಗಳಿವೆ. ನದಿಗೆ ಬಿದ್ದ ಪ್ಲಾಸ್ಟಿಕ್‌ನ ಬಹುಪಾಲು ನದಿಯಲ್ಲೇ, ಅದರ ದಡ ಮತ್ತು ಕೆಸರಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ ಎಂದು ಡಚ್ ಸಂಶೋಧಕ ಟಿಮ್ ವಾನ್ ಎಮ್ಮರಿಕ್ ಮತ್ತಿತರರು ಕೆಲವು ವರ್ಷಗಳಿಂದ ಒತ್ತಿ ಹೇಳುತ್ತಿದ್ದಾರೆ. ಇದು ನೆಮ್ಮದಿಯ ಸುದ್ದಿಯೇನಲ್ಲ. ಕಡಲಿಗೆ ಹೋಗದೆ ಉಳಿದದ್ದು ಬಿಡದಿ, ಕನಕಪುರದ ರೈತರ ಹೊಲಗಾಲುವೆಯಲ್ಲಿ ಉಳಿಯಿತು ಎಂದರ್ಥ. ಬಿಸಿಲಿಗೆ ಪುಡಿಯಾಗಿ, ಒಂದು ದೊಡ್ಡ ನೆರೆಗೆ ಕಾಯುತ್ತ ಕೂತಿತು ಎಂದರ್ಥ.

ಮಳೆ ನಿಂತ ಮಾರನೆಯ ದಿನ ನಾಯಂಡಹಳ್ಳಿ ಕಡೆಯ ಸೇತುವೆಯೊಂದರ ಮೇಲೆ ನಿಂತು ಕೆಳಗೆ ನೋಡಿದರೆ ಇದೆಲ್ಲ ಕಾಣುತ್ತದೆ. ಕಾಲುವೆಗೆ ಅಡ್ಡ ಹಾಯ್ದ ಪೈಪಿಗೆ ಸಿಮೆಂಟು ಚೀಲ, ಒಂಟಿ ಚಪ್ಪಲಿ, ಥರ್ಮೊಕೋಲ್, ಹಾಲಿನ ಕವರು, ಹರಿದ ಹಾಸಿಗೆಯ ಸ್ಪಂಜು ತಗಲಿಕೊಂಡಿರುತ್ತವೆ. ಗೋಡೆಯ ಬಿರುಕಿನಲ್ಲಿ ಬೆಳೆದ ಅತ್ತಿ ಗಿಡದ ಕೊಂಬೆಗಳಲ್ಲಿ ಕ್ಯಾರಿಬ್ಯಾಗಿನ ಚಿಂದಿಗಳು ಒಂದೇ ಮಟ್ಟದಲ್ಲಿ ಸಾಲಾಗಿ ನೇತಾಡುತ್ತವೆ. ಹಿಂದಿನ ರಾತ್ರಿ ನೀರು ಎಲ್ಲಿಯವರೆಗೆ ಏರಿತ್ತು ಎಂದು ಆ ಚಿಂದಿಯ ಗೆರೆಯೇ ಹೇಳುತ್ತದೆ. ಕ್ಯಾರಿಬ್ಯಾಗನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಿದೆ. ನಿಷೇಧ ಎಷ್ಟರಮಟ್ಟಿಗೆ ಕೆಲಸ ಮಾಡಿದೆ ಎಂದು ಕೇಳಿದರೆ ಅಂಕಿಅಂಶ ತೋರಿಸಿ ಉತ್ತರಿಸುವವರಿಲ್ಲ, ಏಕೆಂದರೆ ಕಾಲುವೆಯಲ್ಲಿ ಹೋದದ್ದನ್ನು ಯಾರೂ ಎಣಿಸಿಲ್ಲ.

ಎಣಿಸಲು ಇಲ್ಲಿ ಉಪಗ್ರಹ ಬೇಕಿಲ್ಲ. ರಾಜಾಜಿನಗರದ ಒಳಗಿನ ಎಷ್ಟೋ ಕಾಲುವೆಗಳು ಒಂದು ಪಿಕ್ಸೆಲ್‌ನಷ್ಟೂ ಅಗಲವಿಲ್ಲ. ದೂರಸಂವೇದಿ ಎಂದರೆ ಉಪಗ್ರಹವೊಂದೇ ಎಂದು ತಿಳಿಯಬಾರದು. ಸೇತುವೆಯ ಕೆಳಗೆ ಮುಖಮಾಡಿ ಕಟ್ಟಿದ ಕ್ಯಾಮೆರಾವೂ ದೂರಸಂವೇದಿಯೇ. ಜಕಾರ್ತಾ ಮೊದಲಾದ ಊರುಗಳಲ್ಲಿ ಸೇತುವೆ ಕ್ಯಾಮೆರಾದ ಚಿತ್ರಗಳಿಂದ ಗಂಟೆಗೆ ಎಷ್ಟು ಪ್ಲಾಸ್ಟಿಕ್ ತೇಲಿಹೋಯಿತೆಂದು ಕಂಪ್ಯೂಟರಿನಿಂದ ಎಣಿಸುವ ಪ್ರಯೋಗಗಳು ನಡೆದಿವೆ. ಮೋಡ ಅಡ್ಡಬರುವುದಿಲ್ಲ, ಮಳೆ ಸುರಿಯುವಾಗಲೇ ಲೆಕ್ಕ ಸಿಗುತ್ತದೆ. ತೇಲುವ ಕಸಕ್ಕೆ ಅಡ್ಡಗಟ್ಟುವ ಬೇಲಿಗಳನ್ನು ಬೆಂಗಳೂರಿನದೇ ಆಲ್ಫಾಮರ್ಸ್ ಸಂಸ್ಥೆ ತಯಾರಿಸುತ್ತದೆ, ಚೆನ್ನೈನ ಕೂವಂ ನದಿಗೆ ಅವನ್ನು ಹಾಕಿದ್ದಾರೆ. ಬೇಲಿಯ ಬಳಿ ಎತ್ತಿದ ಕಸವನ್ನು ತೂಗಿ, ಕ್ಯಾಮೆರಾದ ಎಣಿಕೆಯ ಪಕ್ಕದಲ್ಲಿ ಬರೆದಿಟ್ಟರೆ ಲೆಸ್ಬೋಸ್‌ನಲ್ಲಿ ಮಾಡಿದ ಕೆಲಸವನ್ನೇ ಇಲ್ಲೂ ಮಾಡಿದ ಹಾಗಾಯಿತು.

ಉಪಗ್ರಹದ ಪಾಳಿ ಬರುವುದು ಬೈರಮಂಗಲದಲ್ಲಿ. ನೂರಾರು ಎಕರೆಯ ಆ ಕೆರೆಯಲ್ಲಿ ಪಿಕ್ಸೆಲ್‌ಗಳು ಧಾರಾಳವಾಗಿ ಸಿಗುತ್ತವೆ. ಆದರೆ ಅಲ್ಲಿ ನೊರೆಯಿದೆ, ನೀರಿನ ಮೇಲೆ ಹರಡುವ ಅಂತರಗಂಗೆಯಿದೆ. ಎರಡೂ ಸೂತ್ರವನ್ನು ದಾರಿತಪ್ಪಿಸಬಲ್ಲವು. ಆದರೂ ಅಂತರಗಂಗೆಯನ್ನೇ ಸುಳಿವಾಗಿ ಬಳಸಲು ಸಾಧ್ಯವಿದೆ. ವಿಯೆಟ್ನಾಮಿನ ಸೈಗಾನ್ ನದಿಯಲ್ಲಿ ಇಂಥದೇ ತೇಲುಗಿಡಗಳ ದಟ್ಟಣೆಯೊಳಗೆ ಪ್ಲಾಸ್ಟಿಕ್ ಸಿಕ್ಕಿಹಾಕಿಕೊಂಡು ಸಾಗುವುದನ್ನು ಸಂಶೋಧಕರು 2021ರಲ್ಲಿ ತೋರಿಸಿದ್ದಾರೆ. ಗಿಡದ ಹಾಸನ್ನು ಹಿಡಿಯುವುದು ಸೆಂಟಿನೆಲ್‌ಗೆ ಸುಲಭ. ಹಾಸು ಎತ್ತ ಸರಿಯಿತು, ಯಾವ ಮಳೆಗೆ ಒಡೆದು ಕೋಡಿಯತ್ತ ಹೋಯಿತು ಎಂದು ಐದು ದಿನಕ್ಕೊಮ್ಮೆ ನೋಡಿ, ಡ್ರೋನ್ ಹಾರಿಸಿ ಒಳಗೆ ಪ್ಲಾಸ್ಟಿಕ್ ಎಷ್ಟಿದೆ ಎಂದು ಮಾದರಿ ತೆಗೆದರೆ ಸಾಕು. ಬೆಂಗಳೂರಿನ ನೆಲ-ನೀರಿನ ಬದಲಾವಣೆಯನ್ನು ಉಪಗ್ರಹ ಚಿತ್ರಗಳಿಂದ ದಾಖಲಿಸುವುದು ಹೊಸದೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರ ತಂಡ 1973ರಿಂದೀಚೆಗೆ ಕಾಂಕ್ರೀಟು ಹಬ್ಬಿ ಕೆರೆಗಳು ಕುಗ್ಗಿದ ಬಗೆಯನ್ನು ಹೀಗೇ ದಶಕ ದಶಕವಾಗಿ ತೋರಿಸಿದೆ. ಆ ಕೆಲಸದಿಂದಲೇ ಕೆರೆಗಳ ಹೋರಾಟಗಾರರ ಕೈಗೆ ಗಟ್ಟಿ ದಾಖಲೆ ಸಿಕ್ಕಿತು.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬೇಕಾದದ್ದೆಲ್ಲ ಇದೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವಿದೆ, ಇಸ್ರೊದ ಪ್ರಾದೇಶಿಕ ದೂರಸಂವೇದಿ ಕೇಂದ್ರವಿದೆ, ಜ್ಞಾನಭಾರತಿ ಆವರಣವಿದೆ, ಮೈಸೂರು ರಸ್ತೆಯುದ್ದಕ್ಕೂ ಇಂಜಿನಿಯರಿಂಗ್ ಕಾಲೇಜುಗಳಿವೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಬೆಂಗಳೂರು ಪಶ್ಚಿಮಕ್ಕೇ ಒಂದು ನಗರಪಾಲಿಕೆ ಬಂದಿದೆ. ಅದು ಮುಂದಿನ ಮಳೆಗಾಲಕ್ಕೆ ಮೊದಲು ಗಾಳಿ ಆಂಜನೇಯನ ಗುಡಿಯ ಬಳಿ, ನಾಯಂಡಹಳ್ಳಿಯಲ್ಲಿ, ಕೆಂಗೇರಿಯಲ್ಲಿ ಒಂದೊಂದು ಸೇತುವೆಗೆ ಕ್ಯಾಮೆರಾ ಹಾಕಿಸಿ, ಸಿಕ್ಕ ಲೆಕ್ಕವನ್ನು ತಿಂಗಳಿಗೊಮ್ಮೆ ಜನರ ಮುಂದಿಡಲಿ. ಕಾಲೇಜಿನ ಮಕ್ಕಳು ಅದಕ್ಕೆ ಕಾಯಬೇಕಾಗಿಲ್ಲ. ಬೈರಮಂಗಲದ ಮೇಲೆ 2015ರಿಂದ ಹಾದುಹೋದ ಸೆಂಟಿನೆಲ್ ಚಿತ್ರಗಳು ಯೂರೋಪಿನ ಕೋಪರ್ನಿಕಸ್ ತಾಣದಲ್ಲಿ, ನಮ್ಮದೇ ಉಪಗ್ರಹಗಳ ಚಿತ್ರಗಳು ಇಸ್ರೊದ ಭೂನಿಧಿ ತಾಣದಲ್ಲಿ ಇವೆ. ಹೆಸರು ನೋಂದಾಯಿಸಿಕೊಂಡರೆ ಸೆಂಟಿನೆಲ್ ಚಿತ್ರಗಳನ್ನು ಒಂದು ಪೈಸೆ ಖರ್ಚಿಲ್ಲದೆ ಇವತ್ತೇ ಇಳಿಸಿಕೊಳ್ಳಬಹುದು.